ಒಂದು ಕೊಂಬು

ರೂಬೆನ್ ಕಾಕಾನ ಹಿರಿಯರು
ಕೊಂಕಣದ ದಂಡೆಯಲ್ಲಿ ಗಾಣ ತಿರುವಿದವರು.
ಶನಿವಾರ ಎತ್ತಿನ ಕೊರಳು ಬಿಚ್ಚಿ ಸುಮ್ಮನೆ ಕೂಡುತ್ತಿದ್ದರಂತೆ;
ಅವರ ದೇವರು ಯಾರೆಂದು ಊರು ಕೇಳಲಿಲ್ಲ,
ಶನಿವಾರದ ತೇಲಿಗಳು ಎಂದಿತು, ಅಷ್ಟೇ.

ಕಾಕಾ ಹುಬ್ಬಳ್ಳಿಗೆ ಬಂದದ್ದು ರೈಲ್ವೆ ವರ್ಕ್‌ಶಾಪಿಗೆ.
ನನ್ನಪ್ಪ ಯೋಬಪ್ಪ, ಮಿಶನ್ ಕಾಂಪೌಂಡಿನವ.
ಒಂದೇ ಶೆಡ್ಡು, ಒಂದೇ ಬೋಗಿಯ ಅಡಿ,
ಇಬ್ಬರ ಉಗುರಿನ ಸಂದಿಗೂ ಅದೇ ಕಪ್ಪು ಕೀಲೆಣ್ಣೆ.

ಬುತ್ತಿ ಕೊಡಲು ಗೇಟಿಗೆ ಹೋದ ದಿನ
ಸಂಡೇ ಸ್ಕೂಲಿನ ಪ್ರಶ್ನೆ ಬಾಯಲ್ಲೇ ಇತ್ತು:
ಮೆಸ್ಸೀಯ ಅಂದ್ರ ಏನ್ರಿ ಕಾಕಾ?

ರೊಟ್ಟಿ ಮುರಿಯುತ್ತ ಅಂದ:
ಎಣ್ಣಿ ಹಚ್ಚಿಸ್ಕೊಂಡಾಂವ.
ಅರಸಗ ಹಚ್ಚತಿದ್ರು, ಯಾಜಕಗ ಹಚ್ಚತಿದ್ರು.
ಪರ್ಶಿಯಾದ ರಾಜಾ, ನಮ್ಮಾಂವಲ್ಲ, ಅವಗೂ ಅದ ಮಾತು ಬರದಾರ.
ಹೆಸರಲ್ಲವ್ವಾ ಅದು, ಹುದ್ದಾ. ಫೋರ್‌ಮನ್ ಇದ್ಹಂಗ.

ಅಪ್ಪನ ತುತ್ತು ಅರ್ಧಕ್ಕೆ ನಿಂತಿತು.
ನಮ್ಮ ಮನೆಯಲ್ಲಿ ಆ ಮಾತು ಬಂದರೆ
ಅವ್ವ ಸೆರಗು ತಲೆಗೆ ಎಳೆದುಕೊಳ್ಳುತ್ತಿದ್ದಳು.
ನಮಗ ಅದು ಹೆಸರs, ರೂಬೆನ್. ಕ್ರಿಸ್ತ. ಒಬ್ಬಾಂವs.
ಮತ್ತ ಅಂವ ಬಂದಾನ.

ಕಾಕಾ ನೀರು ಕುಡಿದು ಬಾಯಿ ಒರೆಸಿಕೊಂಡ:
ಬಂದಾನು.

ಬಂದಾನ: ನಮ್ಮ ಓಣಿಯ ಮಾತು.
ಚಪ್ಪಲಿ ಹೊಸ್ತಿಲಾಚೆ ಇದೆ, ಒಳಗೆ ದನಿ ಕೇಳುತ್ತಿದೆ.
ಬಂದಾನು: ವ್ಯಾಕರಣ ಪುಸ್ತಕದ ಸಂಭಾವನೆ.
ಬರಬಹುದು; ಚಿಲಕ ಹಾಕಬೇಡ.
ನಡುವೆ ಇರುವುದು ನಕಾರದ ಕಾಲಿಗೆ ಒಂದು ಕೊಂಬು.

ಕುರುಬ ಹುಡುಗನ ತಲೆಗೆ ಪ್ರವಾದಿ ಎಣ್ಣೆ ಸುರಿದದ್ದೂ
ಕೊಂಬಿನಿಂದಲೇ ಎಂದು
ಆಮೇಲೆ ಎಷ್ಟೋ ವರ್ಷಕ್ಕೆ ಓದಿದೆ.
ಆಗ ಭೋಂಗಾ ಕೂಗಿತು. ಇಬ್ಬರೂ ಎದ್ದು ಒಳಗೆ ಹೋದರು,
ಒಂದೇ ಚಿಂದಿಗೆ ಕೈ ಒರೆಸಿಕೊಳ್ಳುತ್ತ.

ಕಾಕಾ ರಿಟೈರಾಗಿ ಠಾಣೆಗೆ, ಮಗಳ ಮನೆಗೆ ಹೋದ.
ಹಬ್ಬಕ್ಕೊಂದು ಕಾರ್ಡು. ಆಮೇಲೆ ಅದೂ ಇಲ್ಲ.

ರೈಲ್ವೆ ಆಸ್ಪತ್ರೆ, ಒಂಬತ್ತನೆಯ ಕಾಟು.
ಅಪ್ಪನ ಅಂಗಾಲಿಗೆ ಔಡಲೆಣ್ಣೆ ತಿಕ್ಕುತ್ತಿದ್ದೆ.
ಕಣ್ಣು ತೆರೆಯದೆ ಕೇಳಿದ:
ರೂಬೆನ್ ಬಂದಾನೇನು?

ಬಂದಾನ, ಏನು?
ಬಂದಾನು, ಏನು?
ಕೊಂಬನ್ನು ಸಂಧಿ ನುಂಗಿತ್ತು.
ಯಾವುದನ್ನು ಕೇಳಿದನೋ ತಿಳಿಯದೆ
ಹೂಂ ಅಂದೆ,
ಇನ್ನೊಂದು ಕಾಲು ಮಡಿಲಿಗೆ ತೆಗೆದುಕೊಂಡೆ.