ಗೋಡೆಯ ದಪ್ಪ

ಶಕ್ತಿನಗರದ ಬಾಯ್ಲರಿನೊಳಗೆ ಮೂವತ್ತೊಂದು ವರ್ಷ
ಕೊಳವೆಗಳ ಮೈಗೆ ಸದ್ದು ಹಚ್ಚಿ ದಪ್ಪ ಅಳೆದವನು ನಾನು.
ಐದಿದ್ದದ್ದು ಮೂರಕ್ಕೆ ಇಳಿದಿದ್ದರೆ
ಸೀಮೆಸುಣ್ಣದಲ್ಲಿ ಒಂದು ಕತ್ತರಿ ಗುರುತು:
ಕೊಯ್ದು ತೆಗೀರಿ.

ಇವತ್ತು ರಾಯಚೂರಿನ ಆಸ್ಪತ್ರೆಯಲ್ಲಿ, ಎಚ್ಚರವಿದ್ದಂತೆಯೇ,
ನನ್ನ ತೊಡೆಯೊಳಗೆ, ಕಿವಿಗೆ ಕೇಳದ ಅದೇ ಸದ್ದು
ಸಣ್ಣ ತಂತಿಯ ಬೆನ್ನೇರಿ ಹೊರಟಿದೆ.

ಪರದೆಯ ಮೇಲೆ ಬೂದು ಬಣ್ಣದ ಉಂಗುರ.
ಒಂದು ಕಡೆ ಬೆಳ್ಳಗೆ ಹೊಳೆದು, ಅದರ ಹಿಂದೆಲ್ಲ ಕತ್ತಲು.
‘ಸುಣ್ಣ ಕಟ್ಟೇದ, ಮಾರೆಪ್ಪ’ ಅಂದರು ಡಾಕ್ಟರು.
‘ಗೊತ್ತಾತ್ರಿ’ ಅಂದೆ.
ನಾವು ಅದನ್ನು ಹಕ್ಕಳೆ ಅಂತಿದ್ದೆವು.
ಅಲ್ಲಿ ಗೋಡೆ ಸವೆದರೆ ಅಂಜಿಕೆ,
ಇಲ್ಲಿ ಬೆಳೆದರೆ.

ಎಕ್ಸ್‌ರೇ ನೆರಳು ನೋಡಿ ಐದು ಮಿಲಿಮೀಟರ್ ಅಂದುಕೊಂಡಿದ್ದರಂತೆ;
ಒಳಹೊಕ್ಕ ಸದ್ದು ಆರು ಎಂದಿತು.
ಬಲೂನು ಬದಲಾಯಿತು.
ಕೊಳವೆಯನ್ನಂತೂ ಬದಲಿಸುವಂತಿಲ್ಲ,
ಬೀಡಿ, ಸಕ್ಕರೆ, ಹಾರುಬೂದಿ
ಎಲ್ಲವನ್ನೂ ಗೋಡೆಗೇ ಒತ್ತಿ ದಾರಿ ಬಿಡಿಸಬೇಕು.

ಸಂಜೆ ವಾರ್ಡಿನಲ್ಲಿ ನರ್ಸು ಸುಗುಣಾ
ಪಾದದ ಮೇಲೆ ಎರಡು ಬೆರಳಿಟ್ಟು ಬಹಳ ಹೊತ್ತು ಹುಡುಕಿದಳು.
ಮಿಡಿತ ಸಿಕ್ಕ ಕಡೆ, ರಾತ್ರಿಪಾಳಿಯವರಿಗೆ ತಿಳಿಯಲೆಂದು,
ಪೆನ್ನಿನಲ್ಲಿ ಎಳೆದಳು ಒಂದು ಕತ್ತರಿ.

ನೋಡಿದೆ.
ನನ್ನದೇ ಗುರುತು.
ಹೆಬ್ಬೆರಳು ಬೆಚ್ಚಗಿತ್ತು.