ಕೆಂಪು ನಕ್ಷತ್ರ

ಮೂರು ದಿನದ ತರಬೇತಿ, ಬೇಯ್ರಾ ಪಟ್ಟಣದಲ್ಲಿ.
ಮಾಪುತುವಿನಿಂದ ನಾನು ಹೊತ್ತು ತಂದದ್ದು
ಒಂದು ಪ್ರೊಜೆಕ್ಟರು, ಎಂಬತ್ತೆರಡು ಸ್ಲೈಡು,
ಎಲ್ಲ ಬಲ್ಲೆನೆಂಬ ಇಸ್ತ್ರಿ ಮಾಡಿದ ಅಂಗಿ.

ವಿಶ್ವವಿದ್ಯಾಲಯದ ದಾಖಲೆ ವಿಭಾಗ:
ಹನ್ನೊಂದು ಗುಮಾಸ್ತರು, ಏಳು ಕಂಪ್ಯೂಟರು.
ಪರದೆ ಇಲ್ಲವೆಂದು ಗೋಡೆಗೆ ಯಾರದೋ ಮೇಜುಬಟ್ಟೆ,
ಅದರ ನಡುವೆ ಹಳೆ ಸಾರಿನ ಕಲೆ.
ನನ್ನ ನಕ್ಷೆಯ ಬಾಣಗಳೆಲ್ಲ
ಆ ಕಲೆ ದಾಟಿಯೇ ಗುರಿ ಸೇರಬೇಕು.

ಕಡೆಯ ಸಾಲಲ್ಲಿ ದೋನಾ ಫೆಲಿಸ್ಮಿನಾ.
ಮೂವತ್ತೊಂದು ವರ್ಷದ ಸರ್ವೀಸು.
ಚಂಡಮಾರುತ ಮಾಡು ಕಿತ್ತೊಯ್ದ ಮರುದಿನ
ನೆನೆದ ರಿಜಿಸ್ಟರುಗಳ ಹಾಳೆ ಹಾಳೆ ಬಿಡಿಸಿ
ಅಂಗಳದ ತಂತಿಗೆ ಕ್ಲಿಪ್ಪು ಹಾಕಿ
ಒಗೆದ ಬಟ್ಟೆಯ ಹಾಗೆ ಒಣಗಿಸಿದವಳು.
"ಮುಟ್ಟಿ ನೋಡು" ಅಂದಳು, ಊಟದ ಬಿಡುವಲ್ಲಿ.
ಹಪ್ಪಳದಂಥ ಹಾಳೆ. ಬೆರಳಿಗೆ ಉಪ್ಪು ಹತ್ತಿತು.

ನಾನು ಹೇಳಿದ್ದು ಸುಳ್ಳಲ್ಲ:
ಒಂದು ಅಂಕಪಟ್ಟಿಗೆ ಇಲ್ಲಿ ನಲವತ್ತು ದಿನ.
ಕಾಯಾದ ಹುಡುಗಿ ರಾತ್ರಿ ಬಸ್ಸಿಗೆ ಬಂದು
'ಸಹಿ ಹಾಕುವವರು ರಜೆ' ಎಂಬುದ ಕೇಳಿ
ಅದೇ ಬಸ್ಸಲ್ಲಿ ವಾಪಸ್ಸು.
ಕಪಾಟಿನ ಕೀಲಿಕೈ ಒಬ್ಬರ ಸೊಂಟದಲ್ಲಿ,
ಆ ಸೊಂಟ ಹಿಡಿದುಕೊಂಡರೆ ಇಡೀ ಕಚೇರಿ ಮಲಗಿತು.
ಇನ್ನು ಮೇಲೆ ನಾಲ್ಕು ನಿಮಿಷ. ಒಂದು ಗುಂಡಿ.
ಕೈ ಚಾಚಲು ಕಿಟಕಿಯೇ ಇರದು.
ಎಲ್ಲರೂ ತಲೆದೂಗಿದರು;
ಶುಲ್ಕದ ಕಿಟಕಿಯವನೊಬ್ಬ ದೂಗಲಿಲ್ಲ.

ಎರಡನೆಯ ದಿನ, ಕರೆಂಟು ಎರಡು ಸಲ ಹೋಗಿ ಬಂದ ಮೇಲೆ,
ದೋನಾ ಫೆಲಿಸ್ಮಿನಾ ಕೈ ಎತ್ತಿದಳು:
"ಇದು ಮುಂದಕ್ಕೆ ಹೋಗಲೊಲ್ಲದು."
ಹುಟ್ಟಿದ ದಿನದ ಖಾನೆ ಖಾಲಿ,
ಪಕ್ಕದಲ್ಲಿ ಕೆಂಪು ನಕ್ಷತ್ರ.
"ಕಡ್ಡಾಯ," ಅಂದೆ, "ತುಂಬಲೇಬೇಕು."
"ಗೊತ್ತಿಲ್ಲವಲ್ಲ."
"ಜನವರಿ ಒಂದು ಅಂತ ಹಾಕಿ. ಎಲ್ಲರೂ ಹಾಕುತ್ತಾರೆ."
ಸ್ಲೈಡಿನಲ್ಲಿ ಇರದ ಮಾತು; ಮೆಲ್ಲಗೆ ಅಂದೆ.

ಅವಳು ರಿಜಿಸ್ಟರು ನನ್ನತ್ತ ತಿರುಗಿಸಿದಳು.
ಲಜಾರೊ ಸೊಜಿನ್ಯೊ. ಸೇರಿದ ವರ್ಷ. ರಸೀತಿ ಸಂಖ್ಯೆ.
ಹುಟ್ಟಿದ ದಿನದ ಎದುರು ಅವಳದೇ ಗುಂಡು ಅಕ್ಷರ,
ನೀರಿಗೆ ಶಾಯಿ ಹಬ್ಬಿಯೂ ಓದಬರುವಂತೆ:
'ಯುದ್ಧದಲ್ಲಿ. ನದಿ ದಾಟುವಾಗ.
ತಾಯಿಗೆ ದಿನ ನೆನಪಿಲ್ಲ.
ಮೆಕ್ಕೆಜೋಳ ಮೊಣಕಾಲೆತ್ತರ ಇತ್ತಂತೆ.'

"ಇದೊಂದೇ ಪುಟದಲ್ಲಿ ಇಂಥವರು ಹದಿನಾಲ್ಕು.
ಒಂದೇ ದಿನ ಹದಿನಾಲ್ಕು ಹೆರಿಗೆ ಮಾಡಿಸಲೇ ನಾನು?"

ಆ ರಾತ್ರಿ ಸೊಳ್ಳೆಪರದೆಯೊಳಗಿಂದ ನೀಲ್ಜಾಗೆ ಫೋನು.
ತಂತ್ರಾಂಶ ಬರೆದವಳು ಅವಳು.
"ಖಾಲಿ ಬಿಟ್ಟರೆ ವರದಿ ಕೆಡುತ್ತದೆ."
"ಖಾಲಿ ಬೇಡ. 'ಗೊತ್ತಿಲ್ಲ' ಬೇಕು."
"ಎರಡೂ ಒಂದೇ ತಾನೆ?"
"ನಿನ್ನೆಯ ತನಕ ನನಗೂ ಒಂದೇ."
ಆಚೆ ಕಡೆ ಬಹಳ ಹೊತ್ತು ಮಾತಿಲ್ಲ,
ಆಮೇಲೆ ಕೀಲಿಮಣೆಯ ಸದ್ದು.

ಮೂರನೆಯ ಬೆಳಿಗ್ಗೆ ನಕ್ಷತ್ರದ ಕೆಳಗೊಂದು ಪುಟ್ಟ ಚೌಕ:
ದಿನ ತಿಳಿದಿಲ್ಲ. ಪಕ್ಕದಲ್ಲಿ ಎರಡು ಸಾಲಿಗೆ ಜಾಗ.
ಅಕ್ಕಿಯ ಕಲ್ಲು ಆರಿಸುವಂತೆ ಒಂದೇ ಬೆರಳಲ್ಲಿ
ಅವಳು ನದಿ ಒತ್ತಿದಳು, ಜೋಳ ಒತ್ತಿದಳು, ಮೊಣಕಾಲು.
ಪರದೆ ತಕರಾರಿಲ್ಲದೆ ಮುಂದಕ್ಕೆ ಹೋಯಿತು.

ಪ್ರತಿ ಮೂರು ಊರಲ್ಲಿರುತ್ತದೆ, ನೆನೆಯುವುದಿಲ್ಲ ಅಂದೆ.
"ಒಳ್ಳೆಯದು" ಅಂದಳು.
ಅಂದೂ ರಿಜಿಸ್ಟರುಗಳಿಗೆ ಪ್ಲಾಸ್ಟಿಕ್ಕು ಸುತ್ತಿ
ಮೇಲಿನ ಅಟ್ಟಕ್ಕೇ ಏರಿಸಿದಳು.

ವಿಮಾನ ನಿಲ್ದಾಣದಲ್ಲಿ ಗುರುತಿನ ಚೀಟಿ ಕೇಳಿದರು.
ನನ್ನದು, ಯಾರಿಗೂ ಹೇಳಿರಲಿಲ್ಲ, ಜನವರಿ ಒಂದು.
ಸಾಲಲ್ಲಿ ನಿಂತೇ ಅಮ್ಮನಿಗೆ ಫೋನು ಹಚ್ಚಿದೆ:
ನಾನು ಹುಟ್ಟಿದಾಗ ಹೊಲದಲ್ಲಿ ಏನಿತ್ತು?

"ಹೊಲ ಎಲ್ಲಿಯದು? ಅಂಗಳ ತುಂಬ ಗೇರುಹಣ್ಣು,
ಕೊಳೆತು ಗಮ್ಮೆನ್ನುತ್ತಿತ್ತು. ಬರೀ ನೊಣ.
ಯಾಕೋ? ಯಾರು ಕೇಳಿದರು?"