ಲಾಳಿ

ಬೋರ್ಡಿನ ಮೇಲೆ ಇನ್ನೂ ಅಪ್ಪನ ಅಕ್ಷರವೇ ಇದೆ:
‘ಇಲ್ಲಿ ಎಲ್ಲಾ ತರಹದ ಫೋಟೊ ತೆಗೆಯಲಾಗುವುದು.’
ಎಲ್ಲಾ ತರಹ ಅಂದರೆ ಆಧಾರಕ್ಕೆ, ಪರೀಕ್ಷೆಯ ಫಾರ್ಮಿಗೆ,
ಗಂಡಿನವರಿಗೆ ಕಳಿಸಲಿಕ್ಕೆ,
ಆಮೇಲೆ, ಗೋಡೆಗೆ.

ಗೋಡೆಯ ಫೋಟೊ ಮಾಡುವುದು ನನಗೆ ಗೊತ್ತು.
ಮದುವೆಯ ಗುಂಪಿನಿಂದ ಒಂದು ಮುಖ ಬಿಡಿಸಿಕೊಂಡು
ಪಕ್ಕದವರ ಭುಜ ಅಳಿಸಿ, ಹಿಂದೆ ನೀಲಿ ಬಳಿದು
ಎಂದೂ ಹಾಕದ ಕೋಟು ತೊಡಿಸಿ ಕೊಡುತ್ತೇನೆ.
ಇರುವಾಗಲೇ ತೆಗೆಸಿ ಇಟ್ಟವರು ಕಡಿಮೆ.

ರಾಚಪ್ಪ ಉಂಕಿ ಬಂದದ್ದು ಅಮಾಸಿಯ ಬೆಳಿಗ್ಗೆ.
ಅವತ್ತು ಗುಳೇದಗುಡ್ಡದ ಆ ಓಣಿಯಲ್ಲಿ ಮಗ್ಗ ಮುಟ್ಟುವುದಿಲ್ಲ,
ನೇಕಾರರು ಪೇಟೆಗೆ ಇಳಿಯುತ್ತಾರೆ.
‘ಮನೀಗೇ ಬರಬೇಕ್ರೀ ಅಕ್ಕಾರ,
ಅದಕ್ಕ ನಡ್ಯಾಕ ಆಗೂದಿಲ್ಲ.’
ಯಾರಿಗೆ ಅಂತ ನಾನು ಕೇಳಲಿಲ್ಲ. ಮುದುಕಿ ಇರಬೇಕು ಅಂದುಕೊಂಡು
ಹಿಂದೆ ಹಿಡಿಯಲಿಕ್ಕೆ ನೀಲಿ ಬಟ್ಟೆ ಮಡಚಿಟ್ಟುಕೊಂಡೆ.

ಮಗ್ಗದ ಕುಣಿಯ ಅಂಚಿಗೆ ಗದ್ದ ಇಟ್ಟು
ಒಂದು ಕಂದು ನಾಯಿ.
ಎರಡೂ ಕಣ್ಣಲ್ಲಿ ಹಾಲು ಇಳಿದಿದೆ,
ಬಾಲಕ್ಕೆ ಖಣದ ಕೆಂಪು ನೂಲು ಸಿಕ್ಕಿಕೊಂಡಿದೆ.
ಮರಿ ಇದ್ದಾಗ ಓಣಿಯ ಈ ತುದಿಯಿಂದ ಆ ತುದಿಗೆ
ಒಂದೇ ಸಮ ಓಡುತ್ತಿತ್ತಂತೆ,
ಅದಕ್ಕೇ ಲಾಳಿ ಅಂತ ಹೆಸರು.
ಈಗ ಹದಿನಾಲ್ಕು ವರ್ಷ. ನೀರಿನ ತಾಟು ಮೂತಿಗೇ ತರಬೇಕು.

ನೀಲಿ ಬಟ್ಟೆ ಚೀಲದಲ್ಲೇ ಉಳಿಯಿತು.
ಬೆಳಕಿಂಡಿಯ ಬಿಸಿಲು ಸರಿದು ಬರಲಿ ಅಂತ
ಸೆಗಣಿ ಸಾರಿಸಿದ ನೆಲದ ಮೇಲೆ ಬೋರಲು ಮಲಗಿ ಕಾಯ್ದೆ.
ಬಿಸಿಲು ಬಂತು. ನಾಯಿ ತಲೆ ಎತ್ತಲಿಲ್ಲ.
ಚಿಟಿಕೆ ಹೊಡೆದೆ. ಕೀಲಿಕೈ ಗೊಂಚಲು ಅಲ್ಲಾಡಿಸಿದೆ.
ಮಕ್ಕಳನ್ನು ನಗಿಸಲಿಕ್ಕೆ ಅಪ್ಪ ಮಾಡುತ್ತಿದ್ದ
ಕಾಗೆಯ ದನಿಯನ್ನೂ ಮಾಡಿದೆ, ನಾಚಿಕೆ ಬಿಟ್ಟು.
‘ಕಿವಿ ಹೋಗಿ ಎರಡು ವರ್ಷ ಆತ್ರಿ’ ಅಂದಳು ಅವನ ಹೆಂಡತಿ ಗಂಗವ್ವ,
ಅಷ್ಟೊತ್ತು ನನ್ನ ಕಾಗೆಯನ್ನು ಕೇಳಿಸಿಕೊಂಡ ಮೇಲೆ.

ಆಗ ರಾಚಪ್ಪ ಕುಣಿಯೊಳಗೆ ಕಾಲು ಇಳಿಬಿಟ್ಟ.
‘ಇವತ್ತ ಅಮಾಸಿ ಐತಿ’ ಅಂದಳು ಗಂಗವ್ವ.
‘ನೇಯೂದಿಲ್ಲ. ಬರೇ ಸಪ್ಪಳಾ.’
ಲಾಳಿಗೆ ನೂಲು ಹಾಕದೆಯೇ ತುಳಿದ,
ಹಣಿಗೆ ಎಳೆದು ಬಡಿದ.
ಒಮ್ಮೆ. ಮತ್ತೊಮ್ಮೆ.
ನನ್ನ ಎದೆ ನೆಲಕ್ಕೆ ಹತ್ತಿತ್ತು, ನನಗೂ ಬಂತು ಅದು,
ಮಣ್ಣಿನೊಳಗಿಂದ, ಪಕ್ಕೆಲುಬಿನ ಕೆಳಗೆ.
ನಾಯಿ ಗದ್ದ ಎತ್ತಿತು,
ಕಾಣದ ಕಣ್ಣನ್ನು ಅವನು ಇರುವ ಕಡೆಗೇ ತಿರುಗಿಸಿತು.
ಸಿಕ್ಕಿದ್ದು ಒಂದೇ. ಎರಡನೆಯದರಲ್ಲಿ ಮತ್ತೆ ಮಲಗಿದೆ.

ಅಂಗಡಿಯಲ್ಲಿ ಕಂಪ್ಯೂಟರಿನ ಮೇಲೆ ದೊಡ್ಡದು ಮಾಡಿ ತೋರಿಸಿದೆ.
‘ಕಣ್ಣಿನ ಪಿಸುರು ತಗದ್ಬಿಡ್ಲೇನು?’
‘ಬ್ಯಾಡ್ರಿ. ಅದನ್ನ ದಿನಾ ನಾನ ಒರಸ್ತೀನಿ.’
‘ದೊಡ್ಡ ಸೈಜಿನ್ಯಾಗ, ಕಟ್ಟು ಹಾಕಿಸಿ ಕೊಡ್ಲಿ?’
ಅವನು ಬಹಳ ಹೊತ್ತು ಲೆಕ್ಕ ಹಾಕಿದ, ಬೆರಳು ಮಡಚಿ.
ಅದಕ್ಕೆ ರೊಟ್ಟಿ ಹಾಕಿದ ಮನೆಗಳು ಅವು.
‘ಪಾಸ್‌ಪೋರ್ಟ್ ಸೈಜಿಂದು ಎಂಟು ಮಾಡ್ರಿ.’

ಎಂಟನ್ನೂ ಪುಟ್ಟ ಕವರಿನಲ್ಲಿ ಹಾಕಿ
ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡು ಹೋದ.
ಬಾಕಿ ಐವತ್ತು ರೂಪಾಯಿ ಕೊಡಲಿಕ್ಕೆ
ಮುಂದಿನ ಅಮಾಸಿಗೆ ಬಂದ.
ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.
ಚಿಲ್ಲರೆ ಎಣಿಸಿಟ್ಟು, ಸ್ವಲ್ಪ ಹೊತ್ತು ನಿಂತು, ಹೋದ.

ಬಣ್ಣ ನೋಡಲಿಕ್ಕೆ ಅಂತ ಮೊದಲು ತೆಗೆದ ಒಂದು ಪ್ರತಿ
ಮೇಜಿನ ಗಾಜಿನ ಕೆಳಗೆ ಹಾಗೇ ಇದೆ,
ಎಣ್ಣೆ ಹಚ್ಚಿ ಬಾಚಿಕೊಂಡ ಹತ್ತನೆತ್ತಿಯ ಮುಖಗಳ ನಡುವೆ.
ನಿನ್ನೆ ಒಬ್ಬ ಹುಡುಗ ಗಾಜಿಗೆ ಮೂಗು ಹಚ್ಚಿ ನೋಡಿ ಕೇಳಿದ:
‘ಇದು ಯಾವ ಪರೀಕ್ಷಾಕ್ಕ ಕುಂತೈತ್ರೀ?’
ಸ್ಟೂಲು ತೋರಿಸಿದೆ ಅವನಿಗೆ.
ಬೆನ್ನು ನೆಟ್ಟಗೆ, ಗದ್ದ ಸ್ವಲ್ಪ ಮೇಲೆ.
ಇತ್ತ ನೋಡು ಅನ್ನುವ ಬದಲು
ಯಾಕೋ ನೆಲಕ್ಕೆ ಹಿಮ್ಮಡಿಯಿಂದ
ಒಮ್ಮೆ ಬಡಿದೆ.